ಕೈಯನ್ನು ನಂಬಿದವನ ಕಾರು

ಬೀದಿಗೆಲ್ಲ ಅವನು ವೈಂಡರಣ್ಣ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲು ತಂತಿ ಬಗೆದು ತೆಗೆದು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಕಸುಬಿನಷ್ಟೇ ದೊಡ್ಡದು ಅವನ ಹಠ. ತಾನು ಸುತ್ತಿದ ಮೋಟಾರಿಗೆ ಅವನೆಂದೂ ಕರೆಂಟು ಸೋರುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಹಿಡಿದವನಲ್ಲ. ಮೊದಲ ಸಲ ಅದು ತಿರುಗಬೇಕಾದ್ದು ಅದರ ಜಾಗದಲ್ಲೇ, ಯಜಮಾನನ ಕಣ್ಣೆದುರೇ. ತಂತಿಯ ಮೇಲಿನ ಲೇಪ ಕೂದಲೆಳೆಯಷ್ಟು ಕೆರೆದಿದ್ದರೂ ಬೆರಳಿಗೇ ಗೊತ್ತಾಗಬೇಕು, ಗೊತ್ತಾಗದವನು ಬೇರೆ ಕೆಲಸ ನೋಡಿಕೊಳ್ಳಲಿ ಅನ್ನುತ್ತಿದ್ದ. ಜಂಬವೇ ಸರಿ, ಇಲ್ಲ ಅಂದವರಾರು? ಆದರೆ ಆ ಜಂಬ ಬಹಳ ವರ್ಷ ನಡೆದುಕೊಂಡು ಬಂತು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಹಾಳಾದ್ದು, ಹೋಗಿ ಹೋಗಿ ಅವನ ಬೆರಳ ತುದಿಯಲ್ಲೇ ಕೂತು ಅಲ್ಲಿನ ಸ್ಪರ್ಶವನ್ನೇ ಕೊಂದಿತು. ಸುತ್ತಿಕೊಟ್ಟ ಮೋಟಾರುಗಳು ಸುಟ್ಟು ವಾಪಸು ಬರತೊಡಗಿದವು. ಅಂಗಡಿಯಲ್ಲಿ ಜೊತೆಗಿದ್ದ ಬಾಮೈದ ಒಳ್ಳೆಯವನು. ಬಾಯಿಬಿಟ್ಟು ಏನೂ ಅನ್ನದೆ ಭಾವನನ್ನು ಗಲ್ಲಾದಲ್ಲಿ ಕೂರಿಸಿ, ಕೆಲಸದ ಮೇಜು ತಾನು ಹಿಡಿದ. ಕೂರಿಸಿದ್ದೇ ತಡ, ಮನುಷ್ಯ ಊಟ ಬಿಟ್ಟ, ಮಾತು ಬಿಟ್ಟ. ಬೆಳಿಗ್ಗೆ ಎದ್ದರೆ ಗೋಡೆ ನೋಡುತ್ತ ಕೂರುವುದು. ಹೀಗೇ ಬಿಟ್ಟರೆ ಈತ ಉಳಿಯುವುದಿಲ್ಲ ಎಂದು ಹೆಂಡತಿಗೆ ದಿಗಿಲು ಹತ್ತಿತು.

ಅಂಥದ್ದರಲ್ಲಿ ಒಂದು ದಿನ ಗುಜರಿ ಅಂಗಡಿಯಿಂದ ಹಳೇ ರಿಮೋಟ್ ಕಾರೊಂದನ್ನು ಕೊಂಡು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅದನ್ನು ಕಾರು ಅನ್ನಬೇಕಷ್ಟೆ. ಮೈಯೆಲ್ಲ ಬಿರುಕು, ಚಕ್ರದ ರಬ್ಬರು ಮುಟ್ಟಿದರೆ ಪುಡಿ, ಬ್ಯಾಟರಿ ಸೋರಿ ತಗಡಿಗೆಲ್ಲ ಹಸಿರು ಕಿಲುಬು, ಮೋಟಾರಂತೂ ಎಂದೋ ಸುಟ್ಟಿದ್ದು. ಅವಳಿಗೆ ರೇಗಿತು. ಇನ್ನು ತೊಟ್ಟಿಲೊಂದು ತಂದುಬಿಡಿ, ತೂಗುತ್ತೇನೆ ಅಂದಳು. ಅವನು ನಗಲಿಲ್ಲ.

"ಇದರ ಮೋಟಾರು ಹೆಬ್ಬೆಟ್ಟಿನಷ್ಟಿದೆ ಕಣೇ. ಇದನ್ನ ಸುತ್ತಿ ಓಡಿಸಿದ್ರೆ ಯಾವ ಮೋಟಾರು ಬೇಕಾದ್ರೂ ಸುತ್ತಬಹುದು. ಓಡಲಿಲ್ವಾ, ಮತ್ತೆ ಅಂಗಡಿ ಕಡೆ ತಲೆ ಹಾಕಲ್ಲ."

ಅಲ್ಲಿಂದ ಊಟದ ಮೇಜೇ ಗ್ಯಾರೇಜಾಯಿತು. ನಿಂಬೆರಸದಲ್ಲಿ ಹಲ್ಲುಜ್ಜುವ ಹಳೇ ಬ್ರಷ್ಷು ಅದ್ದಿ ಕಿಲುಬು ತಿಕ್ಕಿದ. ಸೈಕಲ್ ಟ್ಯೂಬು ಕತ್ತರಿಸಿ ಚಕ್ರಕ್ಕೆ ಅಂಟಿಸಿದ. ಬಿರುಕುಗಳಿಗೆ ಒಳಗಿನಿಂದ ಬಟ್ಟೆ ಕೊಟ್ಟು ಅಂಟು ಮೆತ್ತಿ, ಮೇಲೆ ಕೆಂಪು ಬಣ್ಣ ಹೊಡೆದ. ಊಟಕ್ಕೆ ಕೂತರೆ ಇನ್ನಷ್ಟು ಬಡಿಸು ಅನ್ನತೊಡಗಿದ. ಬೈದುಕೊಂಡೇ ಬಡಿಸುತ್ತಿದ್ದಳಾದರೂ ಒಳಗೊಳಗೆ ಅವಳ ಜೀವಕ್ಕೆ ಹಾಯೆನಿಸಿತು. ಒಂದು ಸಂಜೆ ಅವಳು ಒಲೆಯ ಮುಂದಿದ್ದಾಗ ಸುಟ್ಟ ವಾಸನೆ ಬಂತು. ಪಾತ್ರೆ ತಳ ಹಿಡಿದಿರಲಿಲ್ಲ. ತಿರುಗಿ ನೋಡಿದರೆ ಸೋಲ್ಡರಿಂಗ್ ಐರನ್ನಿನ ಕಾದ ತುದಿ ಅವನ ಎಡಗೈ ಬೆರಳಿಗೆ ತಗುಲಿ ಚರ್ಮ ಬೇಯುತ್ತಿದೆ, ಅವನು ಬಗ್ಗಿಕೊಂಡು ಶಿಳ್ಳೆ ಹಾಕುತ್ತಿದ್ದಾನೆ. ಅವಳು ಐರನ್ ಕಿತ್ತುಕೊಂಡಳು. ಅವನು ಬೆರಳನ್ನೊಮ್ಮೆ ನೋಡಿಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮುಂದುವರಿಸಿದ.

ಮೋಟಾರು ಸುತ್ತಿ ಕಾರಿಗೆ ಕೂರಿಸಿದ್ದೂ ಆಯಿತು. ಓಡಿಸಿ ನೋಡು ಅಂದರೆ ಕೇಳುವ ಜಾತಿಯೇ? ನಾಳೆ ಬೀದಿಯಲ್ಲಿ, ಎಲ್ಲರ ಎದುರು ಅಂದವನೇ ತನ್ನ ಅಕ್ಕನನ್ನು ಕರೆಯಲು ಅವಳ ಮನೆಗೆ ಹೋದ. ಅವನು ತಿರುವು ದಾಟಿದ್ದೇ ಹೆಂಡತಿ ಓಡಿಹೋಗಿ ತನ್ನ ತಮ್ಮನನ್ನು ಕರೆತಂದಳು. ತಮ್ಮ ಮೋಟಾರು ತೆಗೆದು ಬ್ಯಾಟರಿಗೆ ಮುಟ್ಟಿಸಿದ. ಅದು ಒಮ್ಮೆ ಕೊಸರಾಡಿ ಹೊಗೆ ಬಿಟ್ಟಿತು.

"ತಂತಿ ಎಲ್ಲಾ ಕಡೆ ಕೆರೆದುಹೋಗಿದೆ ಅಕ್ಕಾ. ಭಾವಂಗೆ ಹೇಳಿಬಿಡೋಣ."

"ಹೇಳಿದ್ರೆ ಅವರು ಉಳಿಯಲ್ಲ. ನೀನೇ ಸುತ್ತಿ ಇಟ್ಟುಬಿಡು."

"ಆಮೇಲೆ ಮೇಜಿಗೆ ಬಂದು ಕೂತ್ರೆ?"

"ಕೂರಲಿ. ಅವರು ಮನೆಗೆ ಹೊರಟ ಮೇಲೆ ನೀನು ಟೆಸ್ಟ್ ಮಾಡು. ಕೆಟ್ಟಿದ್ರೆ ಬಿಚ್ಚಿ ಸುತ್ತು."

ಅಕ್ಕ ಕಣ್ಣೀರು ಹಾಕಿದರೆ ಯಾವ ತಮ್ಮ ತಾನೇ ಇಲ್ಲ ಅಂದಾನು? ಅಲ್ಲೇ ಕೂತು ಸುತ್ತಿಕೊಟ್ಟ.

ಮರುದಿನ ಕಾರು ಓಡಿತು. ಬೀದಿಯ ತುದಿಯವರೆಗೆ ಹೋಗಿ, ತಿರುಗಿ, ಅವನ ಕಾಲ ಬಳಿ ಬಂದು ನಿಂತಿತು. ಮಕ್ಕಳು ಕೇಕೆ ಹಾಕಿದರು. ಅವನು ರಿಮೋಟ್ ಹಿಡಿದು ನಿಂತಲ್ಲೇ ಅತ್ತ. ಅವಳೂ ಅತ್ತಳು, ಜನ ಸಂತೋಷಕ್ಕೆ ಅಂದುಕೊಂಡರು.

ಅದರ ಮರುದಿನ ಅಂಗಡಿ ಬಾಗಿಲು ತೆರೆದದ್ದೇ ಅವನು ಮೇಜಿಗೆ ಕೂತ. ಹಗಲು ಭಾವ ಸುತ್ತುವುದು, ಸಂಜೆ ಬಾಮೈದ ಬಿಚ್ಚಿ ಸುತ್ತುವುದು. ಪಾಪ, ಆ ಹುಡುಗನ ಬೆನ್ನು ಬಿದ್ದುಹೋಯಿತು. ಇವನಂತೂ ಎದೆಯುಬ್ಬಿಸಿ ನಡೆದ. ಅವಳಿಗೂ ನಿಶ್ಚಿಂತೆಯ ನಿದ್ದೆ ಬಂತು.

ಆಮೇಲೆ ಬಾಮೈದ ಜ್ವರ ಹತ್ತಿ ಹಾಸಿಗೆ ಹಿಡಿದ. ಲಾಂಡ್ರಿಯವನು ನೀರಿನ ಪಂಪು ಕೆಟ್ಟಿದೆ, ಕೆಲಸ ನಿಂತಿದೆ ಎಂದು ದುಂಬಾಲು ಬಿದ್ದ. ವೈಂಡರಣ್ಣ ಕೂತು ಮೋಟಾರು ಸುತ್ತಿ, ತಾನೇ ಹೊತ್ತುಕೊಂಡು ಹೋಗಿ, ಲಾಂಡ್ರಿಯ ಒದ್ದೆ ನೆಲದ ಮೇಲೆ ಕೂರಿಸಿ ಸ್ವಿಚ್ ಹಾಕಿದ. ತಿರುಗಿತು. ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನೇ ದೊಡ್ಡ ಕಥೆ ಮಾಡಿ ಹೇಳಿದ. ಈ ಸಲ ಬಿಚ್ಚಿ ನೋಡುವವರು ಯಾರೂ ಇರಲಿಲ್ಲ ಎಂದು ಅವಳಿಗೆ ಹೊಳೆಯಿತು. ತಮ್ಮನ ಜ್ವರ ಇಳಿಯಲಿ, ಏನಾದರೂ ನೆಪ ಹೇಳಿ ಕಳಿಸಿದರಾಯಿತು ಅಂದುಕೊಂಡಳು. ಅಂದುಕೊಂಡು ಬಡಿಸಿದಳು.

ಮರುದಿನ ಬೆಳಿಗ್ಗೆ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಹೆಂಗಸು ಒದ್ದೆ ಕೈಯಲ್ಲಿ ಪಂಪು ಮುಟ್ಟಿದಳು. ಕೆರೆದ ತಂತಿಯಿಂದ ಮೋಟಾರಿನ ಮೈಗೆಲ್ಲ ಕರೆಂಟು ಇಳಿದಿತ್ತು. ಬಿಡಿಸುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ವೈಂಡರಣ್ಣನೂ ಓಡಿಹೋದ. ಲಾಂಡ್ರಿಯ ವೈರಿಂಗೇ ಸರಿಯಿಲ್ಲ ಎಂದು ವಾದ ಮಾಡಿದ. ಹೆಬ್ಬೆಟ್ಟಿನಷ್ಟು ಮೋಟಾರು ಸುತ್ತಿ ಓಡಿಸಿದ ಕೈ ಇದು ಎಂದು ಎಲ್ಲರಿಗೂ ಕೈ ಎತ್ತಿ ತೋರಿಸಿದ. ಸತ್ತವಳ ಗಂಡ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ವೈಂಡರಣ್ಣನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಅದನ್ನು ನೋಡಲಾಗಲಿಲ್ಲ. ಗಂಡನ ಕೈ ಹಿಡಿದು ಮನೆಗೆ ಎಳೆದುತಂದಳು.

"ಆ ಕಾರಿನ ಮೋಟಾರು ನೀವು ಸುತ್ತಿದ್ದಲ್ಲ ರೀ," ಅಂದಳು. ಎಲ್ಲವನ್ನೂ ಹೇಳಿದಳು.

ಅವನು ಎಡಗೈ ಬೆರಳಿನ ಸುಟ್ಟ ಕಲೆ ಮುಟ್ಟಿ ನೋಡಿಕೊಂಡ.

"ಲಾಂಡ್ರಿ ವಿಷಯ ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದೆ ಅಲ್ವಾ?"

"ಹೂಂ."

"ಆಗಲಾದ್ರೂ ಹೇಳಬಾರದಿತ್ತಾ? ನಾನೇ ಹೋಗಿ ಬಿಚ್ಕೊಂಡು ಬರ್ತಿದ್ದೆ."

"ನೀವು ಉಳಿಯಲ್ಲ ಅಂತ ಹೆದರಿದ್ದೆ."

"ಹಾಗಂತ ಆ ಸತ್ತವಳ ಗಂಡನ ಮುಂದೆ ಹೇಳು, ನಡಿ," ಅಂದು ಅವನು ಬಾಗಿಲು ತೆಗೆದ. ಅವಳು ಎದ್ದು ಅವನ ಹಿಂದೆ ಹೊರಟಳು.