ದೊಡ್ಡಮ್ಮ ಎಳೆದ ಗೆರೆ

ಮೊನ್ನೆ ಬೆಳಿಗ್ಗೆ ರಂಗೋಲಿ ಪುಡಿಯ ತಳ್ಳುಗಾಡಿ ನಮ್ಮ ಬೀದಿಗೆ ಬಂತು. ಗಾಡಿಯವನು ಪಾವಿನಲ್ಲಿ ಅಳೆದು ಸುರಿದಾಗ ಎದ್ದ ಬಿಳಿ ಧೂಳು ಮೂಗಿಗೆ ಬಡಿಯಿತು. ಒಂದು ಸೀನು ಬಂತು, ಅದರ ಹಿಂದೆಯೇ ಎದುರುಮನೆ ದೊಡ್ಡಮ್ಮನ ನೆನಪು... ಸಂಬಂಧದಲ್ಲಿ ಅವಳು ನನಗೆ ಏನೂ ಆಗಬೇಕಿರಲಿಲ್ಲ. ನಾಯಂಡಹಳ್ಳಿ ಹತ್ತಿರದ ನಮ್ಮ ಕಾಲೊನಿಗೆಲ್ಲ ಅವಳು ದೊಡ್ಡಮ್ಮನೇ.

ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿದೂ ಹೊಲಿದೂ ಬೆನ್ನು ಬಾಗಿದವಳು. ಬಾಯಿ ಮಾತ್ರ ಜೋರು. ನಾನು ಹಾಕಿದ ರಂಗೋಲಿ ನೋಡಿ, "ಇದೇನೇ, ಕೋಳಿ ಕೆದಕ್ದಂಗೈತೆ" ಎಂದು ನಗುತ್ತಿದ್ದಳು. ನಕ್ಕು, ತಾನೇ ಕೂತು ಸರಿಮಾಡಿ ಹೋಗುತ್ತಿದ್ದಳು.

ನಮ್ಮದು ದಲಿತರ ಕಾಲೊನಿ. ಹಿಂದೆ ನಮ್ಮ ವಾರ್ಡು ಮೀಸಲಾಗಿದ್ದಾಗ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗೆದ್ದು ಕಾರ್ಪೊರೇಟರ್ ಆಗಿದ್ದಳು. ನಲ್ಲಿಯಲ್ಲಿ ಕಾವೇರಿ ನೀರು ಬಂದದ್ದು, ಮೋರಿಗೆ ಚಪ್ಪಡಿ ಬಿದ್ದದ್ದು ಆಗಲೇ. ಅವಳಿಗಾಗಿ ಮನೆಮನೆ ತಿರುಗಿ ವೋಟು ಕೇಳಿದವಳು ದೊಡ್ಡಮ್ಮ. ಕೆಲವು ವರ್ಷಗಳಾದ ಮೇಲೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಲು ಹೊರಟರು. ಕರಡು ನಕ್ಷೆಯಲ್ಲಿ ಗಡಿ ನಮ್ಮ ಬೀದಿಯ ನಡುವೆಯೇ ಹಾದಿತ್ತು. ಕಾಲೊನಿ ಎರಡು ವಾರ್ಡುಗಳಿಗೆ ಹಂಚಿಹೋದರೆ ಎರಡರಲ್ಲೂ ನಮ್ಮ ಸಂಖ್ಯೆ ಸಾಲದು. ಮೀಸಲಾತಿ ಕೈತಪ್ಪುತ್ತದೆ, ನಮ್ಮವರು ಮತ್ತೆ ಗೆಲ್ಲುವುದು ಕನಸಿನ ಮಾತು. ಕಾಲೊನಿಯ ಸಂಘದವರು ಸಮುದಾಯ ಭವನದ ಗೋಡೆಗೆ ನಕ್ಷೆ ಅಂಟಿಸಿ, ಆಕ್ಷೇಪಣೆ ಬರೆದುಕೊಡಿ ಎಂದು ಬೇಡಿಕೊಂಡರು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ವಾರ್ಡ್ ನಂಬರು ಬದಲಾದರೆ ಮನೆಯೇನು ಎದ್ದು ಹೋಗುತ್ತದೆಯೇ ಎಂದು ನಮ್ಮಪ್ಪನೇ ನಕ್ಕರು.

ದೊಡ್ಡಮ್ಮನಿಗೆ ರೇಗಿಹೋಯಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ರಂಗೋಲಿ ಪುಡಿಯ ಒಂದೇ ದಪ್ಪ ಗೆರೆ. ಚುಕ್ಕಿಯಿಲ್ಲ, ಹೂವಿಲ್ಲ. ಗೆರೆಯ ಆ ಕಡೆ ಅವಳ ಮನೆ, ಈ ಕಡೆ ನಮ್ಮದು.

"ನೀವು ಆ ವಾರ್ಡು, ನಾವು ಈ ವಾರ್ಡು. ಈಗ ಕಾಣ್ತಾ?" ಎಂದಳು, ಸೊಂಟದ ಮೇಲೆ ಕೈಯಿಟ್ಟು.

ರಂಗೋಲಿ ತುಳಿಯಬಾರದೆಂದು ಹೇಳಿಸಿಕೊಂಡೇ ಬೆಳೆದವರು ನಾವು. ಹಾಲಿಗೆ ಹೊರಟ ಅಮ್ಮ ಗೆರೆಯ ಮುಂದೆ ನಿಂತುಬಿಟ್ಟಳು. ಕೆಲವರು ಸೀರೆ ಎತ್ತಿಕೊಂಡು ಹುಷಾರಾಗಿ ದಾಟಿದರು, ಕೆಲವರು ಬೀದಿಯ ತುದಿಗೆ ಹೋಗಿ ಸುತ್ತಿಕೊಂಡು ಬಂದರು. "ತುಳೀರ್ರೇ! ಅಳಿಸ್ಲಿ ಅಂತ್ಲೇ ಹಾಕಿರೋದು" ಎಂದು ಅವಳು ಕೂಗಿದಳು. ಯಾರ ಕಾಲೂ ಏಳಲಿಲ್ಲ. ಕೊನೆಗೆ ಅವಳೇ ಬರಿಗಾಲಲ್ಲಿ ಗೆರೆಯನ್ನು ಉಜ್ಜುತ್ತಾ ಬಂದಳು, ಬೈಯುತ್ತಾ, ಅಳುತ್ತಾ... ಮೊದಲು ಚಪ್ಪಲಿ ಬಿಟ್ಟು ಅವಳ ಜೊತೆ ಇಳಿದದ್ದು ಅಪ್ಪ. ಆಮೇಲೆ ಬೀದಿಗೆ ಬೀದಿಯೇ ಇಳಿಯಿತು. ಸಂಜೆಯ ಹೊತ್ತಿಗೆ ಎಲ್ಲರೂ ಆಕ್ಷೇಪಣೆಗೆ ಸಹಿ ಹಾಕಿದ್ದರು.

ಅಂತಿಮ ಆದೇಶದಲ್ಲೂ ಗಡಿ ನಮ್ಮ ಬೀದಿಯ ನಡುವಿನಿಂದ ಕದಲಲಿಲ್ಲ. ಆ ದಿನ ದೊಡ್ಡಮ್ಮ ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಚುನಾವಣೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು, ಅವಳು ಅದನ್ನು ನೋಡದೆಯೇ ಹೊರಟುಹೋದಳು...

ಮೊನ್ನೆ ಪುಡಿ ಹಿಡಿದು ನಾನಿನ್ನೂ ಬಾಗಿಲಲ್ಲೇ ನಿಂತಿದ್ದೆ. ಕೊನೆಗೂ ಬಂದ ಚುನಾವಣೆಯ ಪ್ರಚಾರದವರಿಬ್ಬರು ಬಂದು ನಮ್ಮ ಸಾಲಿನ ಮನೆಗಳಿಗೆ ಕೈಮುಗಿಯುತ್ತಾ ಹೋದರು. ಎದುರು ಬಾಗಿಲಿನಿಂದ ದೊಡ್ಡಮ್ಮನ ಸೊಸೆ, "ಅಣ್ಣಾ, ಮೋರಿ ಕಟ್ಕೊಂಡು ನೀರು ಒಳಗೇ ಬತ್ತೈತೆ, ಒಸಿ ಬಂದು ನೋಡಿ" ಎಂದು ಕರೆದಳು.

"ನಿಮ್ದು ನಮ್ ವಾರ್ಡಲ್ಲ ಅಕ್ಕ" ಎಂದ ಅವರಲ್ಲೊಬ್ಬ, ನಿಂತಲ್ಲಿಂದಲೇ.

ಬೀದಿಯ ನಡುವೆ ಏನೂ ಇರಲಿಲ್ಲ. ಆದರೂ ಅವರು ದಾಟಲಿಲ್ಲ. ದೊಡ್ಡಮ್ಮ ಇದ್ದಿದ್ದರೆ "ತುಳೀರೋ" ಎಂದು ಬೀದಿ ನಡುಗುವ ಹಾಗೆ ಕೂಗುತ್ತಿದ್ದಳು. ನಾನೂ ಕೂಗಬೇಕೆಂದು ಬಾಯಿ ತೆರೆದೆ. ಅವಳ ಬಾಯಿ ನನಗೆ ಬರಲಿಲ್ಲ, ಬರೀ ಅಳು ಬಂತು.