ಕೊನೆಯ ಬೆಂಚಿನ ಹಿರಿಯರು

ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಹರೆಯದಲ್ಲಿ ಮಗ್ಗದ ಚಕ್ರಕ್ಕೆ ಸಿಕ್ಕಿ ಹೋದದ್ದಂತೆ. ಭಾನುವಾರದ ಆರಾಧನೆಯಲ್ಲಿ ಆ ಮೋಟು ಬೆರಳಿನಿಂದಲೇ ಬೈಬಲ್ಲಿನ ತೆಳ್ಳನೆಯ ಹಾಳೆಗಳನ್ನು ತಳ್ಳುತ್ತಿದ್ದರು. ಎಷ್ಟು ತೊಳೆದರೂ ಕೈಯ ಗ್ರೀಸು ಪೂರ್ತಿ ಹೋಗುತ್ತಿರಲಿಲ್ಲ. ಪುಟಗಳ ಮೂಲೆಗಳೆಲ್ಲ ಕಪ್ಪಾಗಿದ್ದವು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಪವರ್‌ಲೂಮ್ ಕೆಟ್ಟರೆ ಅವರನ್ನೇ ಕರೆಯುತ್ತಿದ್ದರು. ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಅವರು ಹಿರಿಯರು, ಪ್ರಾರ್ಥನೆ ನಡೆಸುವವರು. ಎಲ್ಲರಿಗೂ ‘ಮೆಕ್ಯಾನಿಕ್ ಹಿರಿಯರು’.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪ್ರಾಥಮಿಕ ಶಾಲೆಯ ಟೀಚರಾಗಿ ಆ ಊರಿಗೆ ಬಂದೆ. ‘ನಮ್ಮ ಸಭೆ’ ಎನ್ನುತ್ತಿದ್ದೇನೆ, ಆದರೆ ಆಗ ಅದು ನನ್ನದಾಗಿರಲಿಲ್ಲ. ಒಂದು ಭಾನುವಾರ ಅಲ್ಲಿ, ಮುಂದಿನ ಭಾನುವಾರ ಬಸ್ಸು ಹತ್ತಿ ಬೆಂಗಳೂರಿನ ದೊಡ್ಡ ಚರ್ಚು, ಇನ್ನೊಂದು ವಾರ ದೇವನಹಳ್ಳಿ ಕಡೆ ಹಾಡು-ಪ್ರಾರ್ಥನೆಯ ಉಜ್ಜೀವನ ಕೂಟ. ಎಲ್ಲಿ ಹಾಡು ಚೆನ್ನಾಗಿದೆಯೋ, ಬೋಧನೆ ಮನಸ್ಸಿಗೆ ನಾಟುತ್ತದೋ ಅಲ್ಲಿಗೆ. ಯಾರ ಜಗಳವೂ ನನಗೆ ತಾಗುತ್ತಿರಲಿಲ್ಲ. ಅದನ್ನೇ ನೆಮ್ಮದಿ ಅಂದುಕೊಂಡಿದ್ದೆ.

ಹಾಗೆ ಮೂರು ವಾರ ತಪ್ಪಿಸಿಕೊಂಡ ಮೇಲೆ ಒಂದು ಸಂಜೆ ಅವರು ನನ್ನ ಬಾಡಿಗೆ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದರು. ಕೈಯಲ್ಲೊಂದು ಬ್ರೆಡ್ಡು.

“ಜ್ವರ ಏನಾದ್ರೂ ಬಂದಿತ್ತಾ ಟೀಚರಮ್ಮಾ?”

“ಇಲ್ಲಣ್ಣ, ಬೆಂಗಳೂರಿಗೆ ಹೋಗ್ತಿದ್ದೆ. ಅಲ್ಲಿ ಬೋಧನೆ ಚೆನ್ನಾಗಿರುತ್ತೆ.”

“ಚೆನ್ನಾಗಿರುತ್ತೆ, ನಾನೂ ಕೇಳಿದೀನಿ.” ಬ್ರೆಡ್ಡನ್ನು ಇನ್ನೊಂದು ಕೈಗೆ ಬದಲಿಸಿ, “ಅಲ್ಲಿಗೆ ನೀವು ಹೋಗ್ದೇ ಇದ್ರೆ ಯಾರಾದ್ರೂ ಹುಡುಕ್ಕೊಂಡ್ ಬರ್ತಾರಾ?” ಎಂದು ಕೇಳಿದರು. ಮಾತಿನಲ್ಲಿ ಮೊನಚಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಬ್ರೆಡ್ಡು ಕೊಟ್ಟು ಹೊರಟುಹೋದರು.

ಮರುವರ್ಷ, ನಾನು ಬರುವ ಮೊದಲೇ ಸಭೆಗೆ ಬರುವುದು ಬಿಟ್ಟಿದ್ದ ಅವರ ಒಬ್ಬಳೇ ಮಗಳು ಎರಡು ಬೀದಿ ಆಚೆಯ ನೇಕಾರರ ಹುಡುಗನನ್ನು ಮದುವೆಯಾದಳು. ಹಿಂದೂ ಹುಡುಗ, ಮದುವೆ ಅವರ ಪದ್ಧತಿಯಂತೆ. ತಂದೆ ಹೋದರು, ಅಕ್ಷತೆ ಹಾಕಿದರು. ಸಭೆಯ ಕಾರ್ಯದರ್ಶಿಗೆ ಅದು ಸಹಿಸಲಾಗಲಿಲ್ಲ. ಮುಂದಿನ ಭಾನುವಾರ ಎಲ್ಲರೆದುರು ಎದ್ದುನಿಂತು, “ಹಿರಿಯರೇ ಹಿಂಗೆ ಮಾಡಿದ್ರೆ ಉಳಿದೋರ ಗತಿ ಏನು? ತಪ್ಪಾಯ್ತು ಅಂತ ಇಲ್ಲೇ ಹೇಳ್ಲಿ,” ಎಂದರು. ಮಗಳ ಬಗ್ಗೆಯೂ ಆಡಬಾರದ ಮಾತು ಆಡಿದರು. ಅದು ಅವಳ ಕಿವಿಗೂ ಬಿತ್ತು.

ಮೆಕ್ಯಾನಿಕ್ ಹಿರಿಯರು ಎದ್ದರು. “ಹೋಗಿದ್ದು ನಿಜ. ತಪ್ಪು ಅನ್ನಕ್ಕೆ ನಂಗೆ ಬಾಯಿ ಬರಲ್ಲ. ನನ್ನ ಮಗಳು ಕಣ್ರಪ್ಪಾ,” ಎಂದು ಕೂತರು.

ಹಿರಿಯರ ಸ್ಥಾನ ಹೋಯಿತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನವೂ ಅವರಿಗೆ ನಿಂತಿತು. ಅಂದಿನಿಂದ ಅವರ ಜಾಗ ಕೊನೆಯ ಬೆಂಚು. ತಿಂಗಳಿಗೊಮ್ಮೆ ರೊಟ್ಟಿಯ ತಟ್ಟೆ ಸಾಲಾಗಿ ಬಂದು, ಅವರ ಮುಂದಿನ ಬೆಂಚಿನಿಂದಲೇ ಹಿಂದಿರುಗುತ್ತಿತ್ತು. ಅವರು ಮಂಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. ಅದನ್ನು ಕಂಡು ನನಗೆ ಎದ್ದು ಹೊರಟುಬಿಡಬೇಕು ಅನ್ನಿಸುತ್ತಿತ್ತು. ಆದರೂ ಯಾಕೋ, ಅವರನ್ನು ಅಲ್ಲಿ ಒಂಟಿಯಾಗಿ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಲು ಕಾಲು ಬರಲಿಲ್ಲ.

ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಸಭೆಯೊಂದು ಶುರುವಾಯಿತು. ಅಲ್ಲಿಯ ಬೋಧಕರೇ ಮೆಕ್ಯಾನಿಕ್ ಹಿರಿಯರ ಮನೆಗೆ ಬಂದು, ಹಿರಿಯರ ಸ್ಥಾನ ಕೊಡುತ್ತೇವೆ ಬನ್ನಿ ಎಂದು ಕರೆದರು. ಇವರು ಹೋಗಲಿಲ್ಲ. ಒಂದು ದಿನ ನಾನೇ ರೇಗಿದೆ.

“ಅವಮಾನ ಮಾಡಿದೋರ ಜೊತೆ ಯಾಕಣ್ಣಾ ಕೂತ್ಕೋತೀರಿ? ಹೋಗ್ಬಿಡಿ.”

“ನನ್ನ ಹೆಂಡ್ತಿ ಸತ್ತಾಗ ಮಳೇಲಿ ನೆನ್ಕೊಂಡು ಗುಂಡಿ ತೋಡಿದೋನು ಆ ಕಾರ್ಯದರ್ಶಿನೇ. ಗುಂಡಿ ತೋಡಿದೋನೂ ಅವನೇ, ಅವಮಾನ ಮಾಡಿದೋನೂ ಅವನೇ. ಅರ್ಧ ಮನುಷ್ಯನ್ನ ಇಟ್ಕೊಂಡು ಅರ್ಧ ಬಿಡಕ್ಕಾಗುತ್ತಾ?”

“ಕೋಪ ಬರಲ್ವಾ?”

“ಬರ್ದೇ ಏನು! ಭಾನುವಾರ ಭಾನುವಾರ ಅವನ ಬೆನ್ನು ನೋಡ್ತಾ ಹೊಟ್ಟೆ ಉರಿಯುತ್ತೆ. ಆದ್ರೆ ಇಲ್ಲಿಂದ ಎದ್ದು ಹೋದ್ರೆ ಅವನನ್ನ ಕ್ಷಮಿಸೋ ಅಗತ್ಯಾನೇ ಇರಲ್ಲ ನೋಡಿ. ನಂಗೆ ಅದೇ ಭಯ.”

ಆ ಮಾತು ನನ್ನೊಳಗೆ ಇಳಿಯಿತು. ಪೂರ್ತಿ ಒಪ್ಪಿಗೆಯಾಯಿತು ಎಂದು ಮಾತ್ರ ಇವತ್ತಿಗೂ ಹೇಳಲಾರೆ. ಅವರು ಅಲ್ಲಿ ಉಳಿದದ್ದರ ನೋವು ಅವರೊಬ್ಬರದೇ ಆಗಿರಲಿಲ್ಲ. “ನನ್ನನ್ನ ಬೈದೋರ ಜೊತೆ ಕೂತು ಹಾಡ್ತೀಯಲ್ಲಪ್ಪಾ” ಎಂದು ಒಮ್ಮೆ ಕೇಳಿದ ಮಗಳು ಮತ್ತೆ ಸರಿಯಾಗಿ ಮಾತಾಡಲೇ ಇಲ್ಲ. ಆರಾಧನೆ ಮುಗಿಸಿ ವಾರವಾರವೂ ಅವಳ ಮನೆಗೆ ಹೋಗುತ್ತಿದ್ದರು. “ಕಾಫಿ ಕೊಡ್ತಾಳೆ, ಮಾತು ಕೊಡಲ್ಲ,” ಎಂದು ನನ್ನೆದುರು ನಗಲು ನೋಡಿದರು, ಆಗಲಿಲ್ಲ.

ಮುಂದಿನ ಈಸ್ಟರ್‌ಗೆ ನಾನು ಇದೇ ಸಭೆಗೆ ಹೆಸರು ಕೊಟ್ಟೆ. ಜಗಳದ ಮನೆಗೆ ತಿಳಿದೂ ತಿಳಿದೂ ಸೊಸೆಯಾಗಿ ಹೋದ ಹಾಗೆ. ಸದಸ್ಯಳಾದ್ದರಿಂದ ವಾರ್ಷಿಕ ಕೂಟದಲ್ಲಿ ಬಾಯಿ ತೆರೆಯುವ ಹಕ್ಕು ಬಂತು. ಎದ್ದುನಿಂತು, ಅವರಿಗೆ ಪ್ರಭು ಭೋಜನ ಕೊಡಿ ಎಂದು ಕೇಳಿದೆ. ಎರಡು ವರ್ಷ ಕೇಳಿದೆ, ಎರಡು ವರ್ಷವೂ ಸೋತೆ. ಮೂರನೆಯ ಸಲ ಕೇಳುವ ಮೊದಲೇ, ನೂಲಿನ ಧೂಳಿನಲ್ಲಿ ಸವೆದಿದ್ದ ಅವರ ಎದೆ ಸೋತುಹೋಯಿತು. ಆ ರೊಟ್ಟಿ ಅವರಿಗೆ ಸಿಗಲೇ ಇಲ್ಲ.

ಮಣ್ಣು ಮಾಡುವ ದಿನ ಮಗಳು ಗಂಡನೊಂದಿಗೆ ಸ್ಮಶಾನದ ಗೇಟಿನ ಹೊರಗೇ ನಿಂತಿದ್ದಳು. ಯಾರೂ ಕರೆಯಲಿಲ್ಲ. ಪೆಟ್ಟಿಗೆ ಇಳಿಸಿದರು. ಕಾರ್ಯದರ್ಶಿ ಹಿಡಿ ಮಣ್ಣು ಎತ್ತಿದಾಗ ನನ್ನ ಬಾಯಿಂದ ಬಂದುಬಿಟ್ಟಿತು: “ನಿಲ್ಲಿ. ಮೊದಲನೇ ಮಣ್ಣು ಮಗಳದ್ದು.”

ಕಾರ್ಯದರ್ಶಿ ನನ್ನನ್ನು ನೋಡಿದರು, ಗೇಟಿನತ್ತ ನೋಡಿದರು. ಆಮೇಲೆ ಕೈಯ ಮಣ್ಣನ್ನು ನೆಲಕ್ಕೆ ಬಿಟ್ಟು ಪಕ್ಕಕ್ಕೆ ಸರಿದರು. ನಾನು ಹೋಗಿ ಅವಳ ಕೈ ಹಿಡಿದು ಕರೆತಂದೆ. ಅವಳು ಯಾರ ಮುಖವನ್ನೂ ನೋಡದೆ ಮೂರು ಹಿಡಿ ಮಣ್ಣು ಹಾಕಿ, ಬಂದ ದಾರಿಯಲ್ಲೇ ತಿರುಗಿದಳು. ಗೇಟಿನ ಬಳಿ ನಿಂತು ನನ್ನನ್ನು ಕೇಳಿದಳು.

“ನೀವು ಯಾರು?”

ಟೀಚರು ಅನ್ನಬಹುದಿತ್ತು. ನಿಮ್ಮಪ್ಪನ ಪರಿಚಯದವಳು ಅನ್ನಬಹುದಿತ್ತು.

“ಈ ಸಭೆಯವಳಮ್ಮಾ,” ಅಂದೆ. ಹೇಳುವಾಗ ನಾಚಿಕೆಯಿಂದ ತಲೆ ತಗ್ಗಿತು. ಆದರೂ ಹೇಳಿದೆ.