ಕೊರಳಲ್ಲಿದ್ದ ಲಿಂಗ, ಚಿತ್ರದಲ್ಲಿದ್ದ ಕೆಂಪು

ಆ ಹುಡುಗಿಯನ್ನು ಕಂಡರೆ ಮೊದಲ ದಿನದಿಂದಲೇ ನನಗೆ ಆಗುತ್ತಿರಲಿಲ್ಲ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಹೊಟ್ಟೆಕಿಚ್ಚು, ಅಷ್ಟೆ. ನಾನು ಸಿರುಗುಪ್ಪದವನು. ಬಳ್ಳಾರಿಯ ಈ ಸ್ಕ್ಯಾನ್ ಸೆಂಟರಿಗೆ ಎಂಆರ್‌ಐ ಯಂತ್ರ ಬಂದಾಗಿನಿಂದ ಅದರ ಮುಂದೆ ಕೂತವನು. ಅವಳು ಕುರುಗೋಡಿನ ಮುಸ್ಲಿಂ ಮನೆತನದವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು, ಹೈದರಾಬಾದಿನಲ್ಲಿ ಹೊಸ ಬಗೆಯ ಸ್ಕ್ಯಾನ್ ಕಲಿತು ಬಂದಿದ್ದಳು. ಬಂದ ವಾರವೇ ಡಾಕ್ಟರು ನನ್ನ ಕುರ್ಚಿ ತೋರಿಸಿ ಅವಳಿಗೆ ಕೂರಲು ಹೇಳಿದರು.

ಮೆದುಳಿನ ಗಡ್ಡೆ ತೆಗೆದು ಕರೆಂಟು, ಅಂದರೆ ವಿಕಿರಣ, ಕೊಟ್ಟ ಮೇಲೆ ಅಲ್ಲೊಂದು ಬಿಳಿ ಮಚ್ಚೆ ಕಾಣುತ್ತದೆ. ಅದು ಕರೆಂಟಿನ ಗಾಯವೋ, ಗಡ್ಡೆ ಮತ್ತೆ ಚಿಗುರಿದ್ದೋ, ನಮ್ಮ ಮಾಮೂಲಿ ಸ್ಕ್ಯಾನ್ ಖಚಿತವಾಗಿ ಹೇಳಲಾರದು. ಅವಳ ಹೊಸ ಸ್ಕ್ಯಾನ್ ಹೇಳುತ್ತದೆ. ಗಡ್ಡೆಯಲ್ಲಿ ಪ್ರೋಟೀನು ಜಾಸ್ತಿ. ಪ್ರೋಟೀನಿನ ಪ್ರೋಟಾನುಗಳು ಸುತ್ತಲಿನ ನೀರಿನ ಪ್ರೋಟಾನುಗಳೊಂದಿಗೆ ಸದಾ ಜಾಗ ಬದಲಿಸುತ್ತಿರುತ್ತವೆ. ಪ್ರೋಟೀನಿನವನ್ನಷ್ಟೇ ರೇಡಿಯೋ ಅಲೆಯಿಂದ ಮಂಕು ಮಾಡಿದರೆ ಆ ಮಂಕು ನೀರಿಗೂ ದಾಟುತ್ತದೆ. ಎಷ್ಟು ದಾಟಿತೆಂದು ಯಂತ್ರ ಬಣ್ಣದಲ್ಲಿ ತೋರಿಸುತ್ತದೆ. ಕೆಂಪಾದರೆ ಗಡ್ಡೆಯ ಅನುಮಾನ. ಪ್ರೋಟಾನುಗಳು ಜಾಗ ಬದಲಿಸುವುದು ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಅದಲು ಬದಲಾದ ಹಾಗೆ ಎಂದು ಅವಳು ವಿವರಿಸಿದಾಗ ಡಾಕ್ಟರು ನಕ್ಕರು. ನನ್ನ ಮಾತಿಗೆ ಅವರು ಒಂದು ದಿನವೂ ನಕ್ಕಿರಲಿಲ್ಲ.

ನನ್ನ ಹತ್ತಿರವೂ ಒಂದು ವಿದ್ಯೆ ಇತ್ತು. ನಮ್ಮ ಲಿಂಗಾಯತ ಹಿರಿಯರು ಒಡವೆಯೆಲ್ಲ ಬಿಚ್ಚಿಕೊಡುತ್ತಾರೆ, ಕೊರಳ ಲಿಂಗವನ್ನು ಮಾತ್ರ ಮೈಯಿಂದ ದೂರ ಮಾಡುವುದಿಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆ ತೆಗೆಸಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಸುತ್ತಿದ್ದೆ. ಅದರ ಕಪ್ಪು ಲೇಪದಲ್ಲಿ ಏನು ಬೆರೆಸುತ್ತಾರೋ ತಿಳಿಯದು, ತಲೆಯ ಹತ್ತಿರವಿದ್ದರೆ ಚಿತ್ರದ ಅಂಚು ಒಂಚೂರು ಸೊಟ್ಟಗಾಗುವುದನ್ನು ಕಂಡಿದ್ದೆ. ಅವಳ ಹೊಸ ಸ್ಕ್ಯಾನಂತೂ ಇಂಥ ಸಣ್ಣ ಏರುಪೇರನ್ನೂ ತಡೆಯದು.

ಬಾದನಹಟ್ಟಿಯಿಂದ ಒಬ್ಬ ತಾಯಿ ಮಗಳೊಂದಿಗೆ ಬಂದರು. ತಾಯಿಗೆ ತಲೆಯ ಹಿಂಭಾಗದಲ್ಲಿ, ಕತ್ತಿನ ಹತ್ತಿರ ಆಪರೇಷನ್ ಆಗಿತ್ತು. ಮೈಮೇಲೆ ಲೋಹದ್ದೇನಾದರೂ ಇದೆಯೇ ಎಂದು ನಮ್ಮ ಸ್ಕ್ಯಾನಿನ ಹುಡುಗಿ ಕೇಳಿದಳು. ಎಲ್ಲ ತೆಗೆದಿದ್ದೇನೆ ಎಂದರು ಆ ತಾಯಿ. ಸುಳ್ಳಲ್ಲ, ಕರಡಿಗೆ ಮಗಳ ಮುಷ್ಟಿಯಲ್ಲಿತ್ತು. ಬಟ್ಟೆಯಲ್ಲಿ ಸುತ್ತಿದ ಲಿಂಗ ಮಾತ್ರ ಕೊರಳಲ್ಲೇ ಇತ್ತು, ಮಲಗಿದಾಗ ಕಿವಿಯ ಹಿಂದಕ್ಕೆ ಜಾರಿತು. ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಆ ತಾಯಿಗೆ ಅದರಿಂದ ಅಪಾಯವಿಲ್ಲ, ಇವಳ ಚಿತ್ರ ಕೆಡುತ್ತದೆ. ಕೆಡಲಿ, ಕುರ್ಚಿ ಬಿಟ್ಟೇಳಲಿ ಎಂದುಕೊಂಡೆ.

ಕೆಟ್ಟರೆ ಗೀಚಿದಂತೆ ಕೆಡುತ್ತದೆ ಎಂದು ನನ್ನ ಎಣಿಕೆ. ಅದು ಕೆಂಪಾಗಿ ಕೆಟ್ಟಿತು, ಸರಿಯಾಗಿ ಆಪರೇಷನ್ ಆದ ಜಾಗದಲ್ಲೇ.

ಡಾಕ್ಟರು ಬಂದು ನೋಡಿ, "ಮತ್ತ ಬಂದಂಗೈತಿ. ಮಗಳನ್ನ ಒಳಗ ಕರೀರಿ" ಎಂದರು.

ಗಾಜಿನಾಚೆ ಬೆಂಚಿನ ಮೇಲೆ ಆ ಮಗಳು ಕರಡಿಗೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ತಡೀರಿ ಡಾಕ್ಟ್ರ. ಅವರ ಕೊಳ್ಳಾಗ ಲಿಂಗ ಐತಿ. ಅದಕ್ಕ ಚಿತ್ರ ಕೆಟ್ಟಿರಬೇಕು."

ಲಿಂಗವನ್ನು ತೋಳಿಗೆ ಕಟ್ಟಿಸಿ ಮತ್ತೆ ಚಿತ್ರ ತೆಗೆದೆವು. ಆ ಜಾಗ ತಣ್ಣಗೆ ನೀಲಿಯಾಗಿತ್ತು. ಕರೆಂಟಿನ ಗಾಯ ಎಂದರು ಡಾಕ್ಟರು. ನಾನು ತಪ್ಪೊಪ್ಪಿಕೊಳ್ಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮಾತಾಡಿದಳು: "ಅಣ್ಣಾರು ಇಲ್ಲಂದ್ರ ಇವತ್ತು ತಪ್ಪು ರಿಪೋರ್ಟ್ ಹೋಗ್ತಿತ್ತು ಸರ್. ನನಗ ಇದು ಗೊತ್ತ ಇರಲಿಲ್ಲ." ಡಾಕ್ಟರು ನನ್ನ ಬೆನ್ನು ತಟ್ಟಿದರು. ಎಷ್ಟೋ ವರ್ಷ ಕಾದಿದ್ದ ಆ ತಟ್ಟುವಿಕೆಗೆ ನಾನು ತಲೆಯೆತ್ತಲಿಲ್ಲ.

ಡಾಕ್ಟರು ಹೋದ ಮೇಲೆ ಅವಳು ಮೆಲ್ಲಗೆ, "ಮೊದಲ ನೋಡಿದ್ರೇನ್ರಿ ಅಣ್ಣಾರ?" ಎಂದಳು.

ಹೂಂ ಎಂದೆ. ಅವಳು ಇನ್ನೇನೂ ಕೇಳಲಿಲ್ಲ. ಆ ಮಾತು ಇವತ್ತಿನವರೆಗೂ ಯಾರ ಕಿವಿಗೂ ಬಿದ್ದಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಸಂಜೆಯೊಳಗೆ ಊರೆಲ್ಲ ಸಾರುತ್ತಿದ್ದೆ.

ಈಗ ಆ ಸ್ಕ್ಯಾನ್ ನನಗೂ ಬರುತ್ತದೆ, ಅವಳೇ ಕಲಿಸಿದಳು. ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಅವತ್ತು ನಾನೂ ಸುಮ್ಮನಿದ್ದೆ, ಅವಳೂ ಸುಮ್ಮನಿದ್ದಳು. ಅವಳ ಹಾಗೆ ಸುಮ್ಮನಿರುವುದು ನನಗೆ ಬರುವುದಿಲ್ಲ.